ಮಳೆ ಬಂದರೂ ತೆರೆಯದ ಎಲೆಬಾಯಿಗಳು

ಆದೋನಿ
14-10-1985

ಚಿ. ಉರುಕುಂದಮ್ಮನಿಗೆ ಪ್ರಹ್ಲಾದರಾವ್ ಮಾಡುವ ಆಶೀರ್ವಾದ.

ಕ್ಷೇಮಸಮಾಚಾರ ಆಮೇಲೆ, ಮೊದಲು ಜಗಳ. ಎಲೆಯ ಕೆಳಗಿನ ತೊಗಲನ್ನು ಬ್ಲೇಡಿನಿಂದ ಹೇಗೆ ಸುಲಿಯಬೇಕು, ನೀರಹನಿಯ ಮೇಲೆ ಹೇಗೆ ಹರಡಬೇಕು, ಅಳತೆಯ ಗೆರೆಯನ್ನು ರಂಧ್ರದ ಮೇಲೆ ಹೇಗೆ ಕೂಡಿಸಬೇಕು ಎಂದು ಎರಡು ಪುಟ ಬರೆದು ಕಳಿಸಿದ್ದೀಯಲ್ಲ, ಮಹರಾಯಿತಿ, ಇದೆಲ್ಲ ನಿನಗೆ ಕಲಿಸಿದವರು ಯಾರು? ಆದೋನಿ ಕಾಲೇಜಿನಲ್ಲಿ ಮೊದಲ ಸಲ ಬ್ಲೇಡು ಹಿಡಿದು ಬೆರಳು ಕೊಯ್ದುಕೊಂಡು ಅತ್ತವಳು ಯಾರು? ರಿಟೈರಾದ ಮಾತ್ರಕ್ಕೆ ಮೇಷ್ಟ್ರಿಗೆ ಮರೆವು ಬಂತೆಂದು ತಿಳಿದೆಯಾ?

ಔಡಲದ ಗಿಡಗಳು ಚೆನ್ನಾಗಿ ಎದ್ದಿವೆ. ಜಂಬಪ್ಪನ ಗಾಡಿಯಲ್ಲಿ ಆಸ್ಪರಿ ಮಣ್ಣು ತರಿಸಿ ಹಿತ್ತಲಿಗೆ ಹಾಕಿಸಿದ್ದು ಸಾರ್ಥಕವಾಯಿತು. ಮಣ್ಣಿನ ತುಂಬ ಸುಣ್ಣಕಲ್ಲಿನ ಚೂರು ಬೆಳ್ಳಗೆ ಕಾಣುತ್ತವೆ. ಧಾರವಾಡದಲ್ಲಿ ನಿನ್ನ ಕುಂಡಗಳಲ್ಲೂ ಇದೇ ಬೀಜ, ಆದರೆ ಸುಣ್ಣವಿಲ್ಲದ ಕೆಂಪು ಮಣ್ಣು. ಒಣಗಾಲದಲ್ಲಿ ಯಾವುದರ ರಂಧ್ರ, ನಮ್ಮ ಮಾತಿನ ಎಲೆಬಾಯಿ, ಬೇಗ ಮುಚ್ಚುತ್ತದೆ, ಮಳೆಯಾದ ಮೇಲೆ ಯಾವುದು ಬೇಗ ತೆರೆಯುತ್ತದೆ ಎಂದು ಅಲ್ಲಿ ನೀನು ನೋಡು, ಇಲ್ಲಿ ನಾನು ನೋಡುತ್ತೇನೆ. ಸುಲಿದ ತೊಗಲು ಪೋಸ್ಟಿನಲ್ಲಿ ಬದುಕುವುದಿಲ್ಲವಲ್ಲ, ಹಾಗಾಗಿ ಇಲ್ಲಿಯ ಮಟ್ಟಿಗೆ ನನ್ನ ಕಣ್ಣೇ ನಿನ್ನ ಕಣ್ಣು.

ಸೂಕ್ಷ್ಮದರ್ಶಕವನ್ನು ಕಾಲೇಜಿನವರು ಹಳೆಯ ಸಾಮಾನಿನ ಜೊತೆ ಹಾಕಿದ್ದರು, ಕೇಳಿ ತಂದೆ. ಅದು ಪ್ರಾಣಿಶಾಸ್ತ್ರದ ಕೋಣೆಯದು ಎಂದು ಮನೆಯಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು. "ಕಪ್ಪಿ ಕೊಯ್ದ ಮೇಜಿನ ಮ್ಯಾಲಿದ್ದದ್ದು. ನಾ ಮಡೀಲಿಂದ ಓಡ್ಯಾಡತೀನಿ, ನನ್ನ ದಾರ್ಯಾಗ ಇಡಬ್ಯಾಡ್ರಿ" ಎಂದು ನಮ್ಮ ಅಂಬೂಬಾಯಿ ಅದನ್ನು ಪಡಸಾಲೆಯ ಮೂಲೆಗೆ ಗಡೀಪಾರು ಮಾಡಿದ್ದಾಳೆ. ಒಂದು ಸಲ ಬಗ್ಗಿ ನೋಡೇ, ಒಂದು ಎಲೆಗೆ ಲಕ್ಷಗಟ್ಟಲೆ ಬಾಯಿ ಇವೆ ಎಂದೆ. "ನಿಮ್ಮ ಒಂದು ಬಾಯೇ ನನಗ ಸಾಕಾಗೇತಿ" ಅಂದಳು.

ಮೊನ್ನೆ ಸಂತೆಗೆ ನಿಮ್ಮಪ್ಪ ಉಚ್ಚೀರಪ್ಪ ಬಂದಿದ್ದ. ಕೋಸಗಿಯಲ್ಲಿ ಎಲ್ಲರೂ ಆರೋಗ್ಯ. ಅವನದು ಅದೇ ಹಳೇ ಮಾತು. "ಸಾರು, ನೀವು ಹೇಳಿದ್ರಿ ಅಂತ ಬಿಟ್ಟೀನಿ. ಸ್ಕಾಲರ್‌ಶಿಪ್ಪು ಇರೋತನ ಓದಲಿ. ಅದು ಮುಗದ ಮ್ಯಾಲೆ ಒಂದಿನಾನೂ ಬಿಡಾಂಗಿಲ್ಲ, ಲಾಲಪ್ಪನ ಮನಿಯವರು ಕಾಯಾಕ ಹತ್ಯಾರ." ಅಷ್ಟರೊಳಗೆ ನಿನ್ನ ಹುಡುಗಿ ಡಾಕ್ಟರಾಗಿ ಬರುತ್ತಾಳೆ, ಮದುವೆಯ ಮಾತು ಆಗ ನೋಡೋಣ ಎಂದು ನಾನೇ ಮಾತು ಕೊಟ್ಟಿದ್ದೇನೆ. ನನ್ನ ಮಾತು ಉಳಿಸುವುದು ನಿನ್ನ ಕೈಯಲ್ಲಿದೆ.

ಸುಣ್ಣ ಅಷ್ಟೆಲ್ಲ ಏನು ಮಾಡುತ್ತದೆ ಎನ್ನುವುದನ್ನು ನನಗೆ ತಿಳಿಯುವ ಹಾಗೆ ಬರಿ. ನಾವು ಓದುವಾಗ ಅದು ಬರೀ ಗಿಡದ ಗೋಡೆ ಗಟ್ಟಿ ಮಾಡುವ ಗಾರೆಯಾಗಿತ್ತು.

ಪ್ರಹ್ಲಾದರಾವ್


ಧಾರವಾಡ
2-11-1985

ಪೂಜ್ಯ ಗುರುಗಳಿಗೆ ಉರುಕುಂದಮ್ಮನ ನಮಸ್ಕಾರಗಳು.

ಬೆರಳು ಕೊಯ್ದುಕೊಂಡು ಅತ್ತವಳು ನಾನೇ ಸಾರ್. ಹಾಗೆ ಅತ್ತವಳಿಗೆ ತಮ್ಮ ಧೋತರದ ಅಂಚು ಹರಿದು ಕಟ್ಟಿದವರು ಯಾರು ಎಂಬುದನ್ನೂ ಮರೆತಿಲ್ಲ. ಎರಡು ಪುಟ ಬರೆದದ್ದಕ್ಕೆ ಕ್ಷಮಿಸಿ. ನಮ್ಮ ಗೈಡ್ ಸಾಹೇಬರು ಹಾಗೆ ಬರೆಯಲು ಹೇಳಿದ್ದರು.

ಸುಣ್ಣದ ವಿಷಯ. ಪ್ರತಿ ರಂಧ್ರದ ಎರಡು ಪಕ್ಕಕ್ಕೆ ಅವರೆಕಾಳಿನ ಆಕಾರದ ಎರಡು ಕಾವಲು ಕೋಶಗಳಿರುವುದು ತಾವೇ ಕಲಿಸಿದ್ದು. ಅವು ನೀರು ಕುಡಿದು ಬಿಗಿದರೆ ಬಾಗಿ, ನಡುವೆ ಸಂದು ಬಿಡುತ್ತವೆ. ನೀರಿಳಿದು ಸೊರಗಿದರೆ ಸಂದು ಮುಚ್ಚುತ್ತದೆ. ನೆಲ ಒಣಗಿದಾಗ ಗಿಡ ತನ್ನೊಳಗೆ ಒಂದು ರಸ ಹುಟ್ಟಿಸುತ್ತದೆ, ಬಾಯಿ ಮುಚ್ಚಿಕೊಳ್ಳಿ ಎಂದು ಹೇಳುವ ರಸ. ಅದು ಕಾವಲು ಕೋಶದ ಬಾಗಿಲ ತನಕ ಬರುತ್ತದೆ. ಅಲ್ಲಿಂದ ಒಳಗೆ ಸುದ್ದಿ ಮುಟ್ಟಿಸುವುದು ಕ್ಯಾಲ್ಸಿಯಂ ಎಂದು ಈಗ ಹೊರದೇಶದವರು ಬರೆಯುತ್ತಿದ್ದಾರೆ. ಕ್ಯಾಲ್ಸಿಯಂ ಒಳಗೆ ನುಗ್ಗಿದರೆ ಪೊಟ್ಯಾಸಿಯಂ ಹೊರಗೆ ಹೊರಡುತ್ತದೆ, ಅದರ ಬೆನ್ನಿಗೆ ನೀರೂ ಹೋಗುತ್ತದೆ, ಬಾಯಿ ಮುಚ್ಚುತ್ತದೆ. ಗಾಜಿನ ತಟ್ಟೆಯಲ್ಲಿ ತೊಗಲು ತೇಲಿಬಿಟ್ಟು ನಾನೇ ನೋಡಿದೆ ಸಾರ್. ಬರೀ ರಸ ಹಾಕಿದರೆ ಅರ್ಧ ಮುಚ್ಚಿದವು. ಜೊತೆಗೆ ಚೂರು ಕ್ಯಾಲ್ಸಿಯಂ ಹಾಕಿದೆ, ಪೂರ್ತಿ ಮುಚ್ಚಿದವು. ಒಬ್ಬಳೇ ಕೂತು ಚಪ್ಪಾಳೆ ಹೊಡೆದೆ.

ಮುಚ್ಚಿಕೊಂಡರೆ ನೀರೇನೋ ಉಳಿಯುತ್ತದೆ, ಆದರೆ ಗಾಳಿ ಒಳಗೆ ಬರುವುದಿಲ್ಲ, ಎಲೆಗೆ ಊಟ ತಯಾರಾಗುವುದಿಲ್ಲ. ಅದಕ್ಕೇ ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎನ್ನುವುದು ಗಿಡಕ್ಕೆ ಸಾಯುವ ಬದುಕುವ ಪ್ರಶ್ನೆ. ನೆಲದಲ್ಲೇ ಸುಣ್ಣ ಹೆಚ್ಚಿದ್ದರೆ ಏನಾಗುತ್ತದೆ ಎಂದು ನಮ್ಮ ಕಡೆಯ ಮಣ್ಣಿನಲ್ಲಿ ಯಾರೂ ನೋಡಿಲ್ಲ. ನಮ್ಮಪ್ಪ ಆಸ್ಪರಿ ಹೊಲಗಳಲ್ಲಿ ಕೂಲಿ ಮಾಡುವಾಗ ಕಾಲಿಗೆ ಚುಚ್ಚುತ್ತಿದ್ದ ಬಿಳಿ ಕಲ್ಲು ಇವತ್ತು ನನ್ನ ಥೀಸಿಸ್ ಆಗಿದೆ ಎಂದರೆ ಅವನಿಗೆ ನಗು ಬರಬಹುದು.

ಫೆಲೋಶಿಪ್ 87ರ ಮಾರ್ಚಿಗೆ ಮುಗಿಯುತ್ತದೆ. ತಮ್ಮ ಮಾತು ಉಳಿಸುತ್ತೇನೆ. ಅಮ್ಮನವರಿಗೆ ನಮಸ್ಕಾರ ತಿಳಿಸಿ. ಆ ಯಂತ್ರವನ್ನು ಸೋಡಾಪುಡಿ ಹಾಕಿ ತೊಳೆದಿದ್ದೇನೆ ಎಂದು ಒಂದು ಸುಳ್ಳು ಹೇಳಿ ನೋಡಿ.

ಉರುಕುಂದಮ್ಮ


ಆದೋನಿ
20-2-1986

ಚಿ. ಉರುಕುಂದಮ್ಮನಿಗೆ ಆಶೀರ್ವಾದ.

ಈ ವಾರದ ಅಳತೆಗಳನ್ನು ಬೇರೆ ಹಾಳೆಯಲ್ಲಿಟ್ಟಿದ್ದೇನೆ. ದೀಪಾವಳಿಯ ಹೊತ್ತಿಗೆ ಬೆಳಿಗ್ಗೆ ಎರಡು ಗೆರೆಯಷ್ಟು ಅಗಲ ತೆರೆಯುತ್ತಿದ್ದ ಬಾಯಿಗಳು ಈಗ ಒಂದಕ್ಕಿಂತ ಕಡಿಮೆ. ಬಿಸಿಲು ಇನ್ನೂ ಏರಿಲ್ಲ. ಸುಣ್ಣದ ಪ್ರತಾಪ ಇಷ್ಟು ಬೇಗ ಶುರುವಾಯಿತೇ ಎಂದು ನನಗೇ ಆಶ್ಚರ್ಯ.

ಹಳೆಯ ಯಂತ್ರದ ಮಸೂರಕ್ಕೆ ಬೂಸರು ಹಿಡಿದಿದೆ ಎಂದು ಕಾಣುತ್ತದೆ, ನಡುವೆ ಮಸುಕು. ಸ್ಪಿರಿಟ್ಟಿನಲ್ಲಿ ಒರೆಸಿದೆ. ಸ್ವಲ್ಪ ಪರವಾಯಿಲ್ಲ. ಅಂಬೂಬಾಯಿಗೆ ಸೋಡಾಪುಡಿಯ ಸುಳ್ಳು ಹೇಳಿದೆ. "ಆ ಹುಡುಗಿ ಹೇಳಿಕೊಟ್ಟಾಳ?" ಎಂದು ನೇರವಾಗಿ ಕೇಳಿದಳು. ನಿನ್ನ ಬಣ್ಣ ಬಯಲು.

ಪ್ರಹ್ಲಾದರಾವ್


ಧಾರವಾಡ
9-3-1986

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಅಳತೆಗಳು ಸೇರಿದವು. ನನ್ನ ಕುಂಡಗಳಿಗೂ ನೀರು ನಿಲ್ಲಿಸಿದ್ದೇನೆ, ಆದರೆ ಅವು ಇನ್ನೂ ಒಂದೂವರೆ ಗೆರೆ ತೆರೆದುಕೊಂಡೇ ಇವೆ. ತಮ್ಮ ಹಿತ್ತಲಿನವು ಮುಂದೆ ಹೋಗಿವೆ. ಗೈಡ್ ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಎರಡು ವರ್ಷದಲ್ಲಿ ಮೊದಲ ಸಲ!

ಒಂದು ಮಾತು. ತಮ್ಮ ಅಕ್ಷರಗಳು ಈಚೆಗೆ ದೊಡ್ಡವಾಗಿವೆ. ಒಂದು ಅಂಕಿಗೆ ಒಂದು ಸಾಲು ಹಿಡಿದಿದೆ. ನಾನು ಹಾಸ್ಟೆಲ್ಲಿನ ಮಂಕು ದೀಪದಲ್ಲಿ ಓದುತ್ತೇನೆ ಎಂದು ಹಿಂದೊಮ್ಮೆ ಬರೆದಿದ್ದೆ, ಅದಕ್ಕಾಗಿ ತಾವು ಇಷ್ಟು ತ್ರಾಸು ತೆಗೆದುಕೊಳ್ಳುತ್ತಿದ್ದೀರಿ. ಬೇಡ ಸಾರ್. ಸಣ್ಣಕ್ಕೇ ಬರೆಯಿರಿ, ನನ್ನ ಕಣ್ಣು ಚೆನ್ನಾಗಿವೆ.

ಅಪ್ಪ ಅವ್ವ ಗುಂಟೂರಿನಿಂದ ಇನ್ನೂ ಬಂದಿಲ್ಲ. ಈ ಸಲ ಮೆಣಸಿನಕಾಯಿ ಬಿಡಿಸುವ ಕೆಲಸ ಯುಗಾದಿಯ ತನಕ ಇದೆಯಂತೆ. ಪ್ರೈಮರಿಯಲ್ಲಿದ್ದಾಗ ನಾನೂ ಶಾಲೆ ಬಿಟ್ಟು ಅಲ್ಲಿಗೆ ಹೋಗುತ್ತಿದ್ದೆ. ಕೈಯ ಉರಿ ವಾರಗಟ್ಟಲೆ ಹೋಗುತ್ತಿರಲಿಲ್ಲ, ಕಣ್ಣು ಮುಟ್ಟಿಕೊಳ್ಳಬೇಡ ಎಂದು ಅವ್ವ ಕೈ ಹಿಂದೆ ಕಟ್ಟಿ ಮಲಗಿಸುತ್ತಿದ್ದಳು. ಇವತ್ತು ಈ ಕೈಯಲ್ಲಿ ಎಲೆ ಸುಲಿಯುತ್ತಿದ್ದೇನೆ. ಕೆಲವು ದಿನ ಇದು ನಿಜವೇ ಎಂದು ಹೆದರಿಕೆಯಾಗುತ್ತದೆ.

ಉರುಕುಂದಮ್ಮ


ಆದೋನಿ
11-5-1986

ಚಿ. ಉರುಕುಂದಮ್ಮನಿಗೆ ಆಶೀರ್ವಾದ.

ಏಪ್ರಿಲ್ಲಿನ ಎರಡು ವಾರ ಅಳತೆ ಇಲ್ಲ. ಕರ್ನೂಲಿನಲ್ಲಿ ನಮ್ಮವರ ಮನೆಯ ಮದುವೆ ಇತ್ತು, ಹೋಗಲೇಬೇಕಾಯಿತು. ಊಟ ಚೆನ್ನಾಗಿತ್ತು. ನನಗೆ ಸಿಹಿ ಮಾತ್ರ ಬಡಿಸಲಿಲ್ಲ, ಸಕ್ಕರೆ ಕಾಯಿಲೆಯ ನೆಪ ಹೇಳಿ ಅಂಬೂಬಾಯಿ ಎಲೆಗೆ ಕೈ ಅಡ್ಡ ಇಟ್ಟಳು.

ಈಗ ಎಲೆಬಾಯಿಗಳು ಪೂರ್ತಿ ಮುಚ್ಚಿವೆ. ಬೆಳಿಗ್ಗೆ ನೋಡಿದರೂ ಅಷ್ಟೇ, ಮಧ್ಯಾಹ್ನ ನೋಡಿದರೂ ಅಷ್ಟೇ. ಅವರೆಕಾಳುಗಳು ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಇಂಥ ಬಿಸಿಲಿಗೆ ಇನ್ನೇನು ಮಾಡುತ್ತವೆ ಪಾಪ.

ಚಿಂತೆ ಮಾಡಬೇಡ. ಒಂದು ವಾರವೂ ತಪ್ಪದಂತೆ ನೋಡುತ್ತೇನೆ. ನಾನು ಬಿಟ್ಟರೆ ಇಲ್ಲಿ ನೋಡುವವರು ಯಾರಿದ್ದಾರೆ, ನಿನ್ನ ಒಂದು ವರ್ಷ ಮಣ್ಣುಪಾಲಾಗುತ್ತದೆ.

ಪ್ರಹ್ಲಾದರಾವ್


ಧಾರವಾಡ
27-7-1986

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಇಲ್ಲಿ ಮಳೆ ಹಿಡಿದಿದೆ. ಕುಂಡಗಳನ್ನು ಅಂಗಳಕ್ಕೆ ಇಟ್ಟೆ. ನಾಲ್ಕೇ ದಿನಕ್ಕೆ ನನ್ನ ಎಲೆಗಳೆಲ್ಲ ಮೊದಲಿನಂತೆ ಎರಡು ಗೆರೆ ಬಾಯಿ ತೆರೆದವು. ತಮ್ಮಲ್ಲಿ ಮಳೆಯಾಯಿತೇ? ಗಿಡಗಳು ಏನಂತವೆ? ಬೇಗ ಬರೆಯಿರಿ. ಇಲ್ಲಿ ಗೈಡ್ ಸಾಹೇಬರು ದಿನಾ ಕೇಳುತ್ತಿದ್ದಾರೆ.

ಉರುಕುಂದಮ್ಮ


ಆದೋನಿ
16-8-1986

ಚಿ. ಉರುಕುಂದಮ್ಮನಿಗೆ ಆಶೀರ್ವಾದ.

ಮಳೆಗೇನು, ಬೇಕಾದಷ್ಟಾಯಿತು. ಹಿತ್ತಲಲ್ಲಿ ಕಾಲಿಟ್ಟರೆ ಕೆಸರು. ಔಡಲ ಹೊಸ ಚಿಗುರು ಬಿಟ್ಟು ಮಾಳಿಗೆಯ ಎತ್ತರ ಬಂದಿದೆ. ಆದರೆ ಬಾಯಿ ತೆರೆದಿಲ್ಲ ಕಣಮ್ಮ. ಐದಾರು ಎಲೆ ಸುಲಿದೆ, ಹಳೆಯದೂ ನೋಡಿದೆ, ಹೊಸದೂ ನೋಡಿದೆ. ಎಲ್ಲ ಮುಚ್ಚಿಯೇ ಇವೆ. ಮುಚ್ಚಿಕೊಂಡೇ ಇಷ್ಟು ಬೆಳೆಯುವುದು ಹೇಗೆ ಎಂದು ನನಗೆ ತಲೆ ಓಡುತ್ತಿಲ್ಲ. ನಾನು ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ. ಅರ್ಥ ಹೇಳುವುದು ನಿನಗೂ ನಿನ್ನ ಸಾಹೇಬರಿಗೂ ಬಿಟ್ಟದ್ದು.

ಪ್ರಹ್ಲಾದರಾವ್


ಧಾರವಾಡ
21-9-1986

ಪೂಜ್ಯ ಗುರುಗಳಿಗೆ ಸಾವಿರ ನಮಸ್ಕಾರಗಳು.

ಸಾರ್, ನಾನು ನಿನ್ನೆ ಸೆಮಿನಾರಿನಲ್ಲಿ ಮಾತಾಡಿದೆ! ತಮ್ಮ ಎಲೆಗಳ ಮೇಲೆಯೇ ಮಾತಾಡಿದೆ. ಸುಣ್ಣದ ನೆಲದಲ್ಲಿ ಬೆಳೆದ ಗಿಡ ಬೇಗ ಬಾಯಿ ಮುಚ್ಚುತ್ತದೆ, ಮಳೆ ಬಂದ ಮೇಲೂ ಆ ಒಣಗಾಲವನ್ನು ಮರೆಯುವುದಿಲ್ಲ ಎಂದೆ. ಕ್ಯಾಲ್ಸಿಯಂ ಸುದ್ದಿ ಮುಟ್ಟಿಸಿ ಹೋಗುವುದಷ್ಟೇ ಅಲ್ಲ, ಅದನ್ನು ಕೋಶದಲ್ಲಿ ಉಳಿಸಿಯೂ ಬಿಡುತ್ತದೆ ಎಂದೆ. ಗಿಡಕ್ಕೆ ನೆನಪಿದೆ ಸಾರ್! ಹಿಂದಿನ ಸಾಲಿನಲ್ಲಿದ್ದ ಹಿರಿಯರು ಮುಂದೆ ಬಂದು ಕೂತರು. ಬೆಂಗಳೂರಿನಿಂದ ಬಂದಿದ್ದವರೊಬ್ಬರು ಎದ್ದು, ಈ ಆದೋನಿಯ ಅಳತೆಗಳನ್ನು ಮಾಡಿದವರು ಯಾರು ಎಂದು ಕೇಳಿದರು. ನನ್ನ ಗುರುಗಳು ಎಂದೆ.

ಥೀಸಿಸ್ಸಿನ ದೊಡ್ಡ ಅಧ್ಯಾಯ ಇದೇ ಆಗಬೇಕು ಎಂದು ಗೈಡ್ ಸಾಹೇಬರು ಹೇಳಿದ್ದಾರೆ. ಜನವರಿಯೊಳಗೆ ಬರೆದು ಮುಗಿಸುತ್ತೇನೆ. ಅಪ್ಪನ ಗಡುವಿಗಿಂತ ಮೊದಲೇ ಮುಗಿಯುತ್ತದೆ. ತಾವು ಇಲ್ಲದಿದ್ದರೆ ನಾನು ಇಷ್ಟು ಹೊತ್ತಿಗೆ ಕೋಸಗಿಯಲ್ಲಿ ಎರಡು ಮಕ್ಕಳ ತಾಯಾಗಿ ಗಂಟುಮೂಟೆ ಕಟ್ಟಿಕೊಂಡು ಗುಂಟೂರಿನ ರೈಲಿಗೆ ಕಾಯುತ್ತಿದ್ದೆ.

ದೀಪಾವಳಿಗೆ ಬಂದು ಕಾಲಿಗೆ ಬೀಳುತ್ತೇನೆ ಎಂದಿದ್ದೆ. ಬರೆಯುವ ಕೆಲಸದಿಂದ ಬರಲಾಗುವುದಿಲ್ಲ. ಕೋಪ ಬೇಡ.

ತಮ್ಮ
ಉರುಕುಂದಮ್ಮ


ಆದೋನಿ
6-11-1986

ಚಿ. ಉರುಕುಂದಮ್ಮನಿಗೆ ಆಶೀರ್ವಾದ.

ಈ ಅಕ್ಷರ ನಿನ್ನ ಗುರುಗಳದಲ್ಲ. ಅವರು ಹೇಳುತ್ತಿದ್ದಾರೆ, ನಾನು ಅಂಬೂಬಾಯಿ ಬರೆಯುತ್ತಿದ್ದೇನೆ. ಹೇಳಿದ ಹಾಗೇ ಬರೆ, ನಡುವೆ ನಿನ್ನದು ಸೇರಿಸಬೇಡ ಎಂದು ಕಟ್ಟಪ್ಪಣೆಯಾಗಿದೆ. ಮುಂದಿನ ಮಾತುಗಳೆಲ್ಲ ಅವರವು.

ಉರುಕುಂದಮ್ಮ, ನಿನ್ನ ಥೀಸಿಸ್ಸಿನ ಆ ಅಧ್ಯಾಯವನ್ನು ನಿಲ್ಲಿಸು. ನನ್ನ ಅಳತೆಗಳು ಸುಳ್ಳು.

ಹೋದ ಸೋಮವಾರ ಬೆಳಿಗ್ಗೆ ಯಂತ್ರದ ಮುಂದೆ ಕೂತಿದ್ದೆ. ಎಷ್ಟು ಬಗ್ಗಿ ನೋಡಿದರೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸುಲಿದ ತೊಗಲಿನ ಮೇಲೂ ಬಿತ್ತು. ಇವಳಿಗೆ ಇನ್ನೂ ಸ್ನಾನವಾಗಿರಲಿಲ್ಲ. ಕಾಫಿ ತಂದವಳು ನಿಂತು ನೋಡಿದಳು. "ಸರೀರಿ ಆ ಕಡೆ, ಹೆಂಗೂ ಮೈಲಿಗ್ಯಾಗ ಅದೀನಿ, ನಾ ನೋಡತೀನಿ" ಎಂದು ನನ್ನನ್ನು ಎಬ್ಬಿಸಿ ತಾನು ಬಗ್ಗಿದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಆಮೇಲೆ, "ಅಯ್ಯ, ಎಲ್ಲಾ ಬಾಯಿ ತಕ್ಕೊಂಡು ಕುಂತಾವಲ್ರೀ! ಗುಬ್ಬಿಮರಿ ಇದ್ದಂಗ" ಎಂದಳು. ನಾನು ನಂಬಲಿಲ್ಲ. ಗೆರೆ ಎಣಿಸು ಎಂದೆ. "ಎರಡು ಗೆರಿ. ಇಲ್ಲೊಂದು ಎರಡಕ್ಕಿಂತ ಹೆಚ್ಚು ಐತಿ" ಎಂದಳು. ಅದೇ ತೊಗಲಿಗೆ ನಾನು ಆಗತಾನೆ ಮುಚ್ಚಿದೆ ಎಂದು ಬರೆದಿದ್ದೆ.

ಮಸೂರಕ್ಕೆ ಬೂಸರು ಹಿಡಿದಿರಲಿಲ್ಲ. ಕರ್ನೂಲಿನಲ್ಲಿ ಮದುವೆಯೂ ಇರಲಿಲ್ಲ, ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿದೆ, ನಡುವಿನ ನೋಟ ಹೋಗುತ್ತಿದೆ, ಕನ್ನಡಕದಿಂದ ಆಗುವಂಥದ್ದಲ್ಲ ಎಂದರು. ಆಗಲೇ ನಿನಗೆ ಬರೆಯಬೇಕಿತ್ತು. ಪೇಪರ್ ಓದಲಾಗದಿದ್ದರೇನು, ಇದು ನಾನೂರು ಪಟ್ಟು ದೊಡ್ಡದು ಮಾಡಿ ತೋರಿಸುವ ಯಂತ್ರವಲ್ಲವೇ, ಇದರಲ್ಲಿ ಕಾಣದೇ ಇರುತ್ತದೆಯೇ ಎಂದುಕೊಂಡೆ. ನಲವತ್ತು ವರ್ಷ ಇದನ್ನೇ ನೋಡಿದ ಕಣ್ಣು ಎಂಬ ಸೊಕ್ಕು. ಕಾವಲು ಕೋಶಗಳು ಕಾಣುತ್ತಿದ್ದವು. ಅವುಗಳ ನಡುವಿನ ಸಂದು ಮಾತ್ರ ಕಾಣಲಿಲ್ಲ. ಸಂದು ಕಾಣದಿದ್ದರೆ ಮುಚ್ಚಿದೆ ಎಂದೇ ತಿಳಿದೆ.

ಯಾವತ್ತಿನಿಂದ ತಪ್ಪಾಗಿದೆ ಎಂದು ನನಗೆ ಗೊತ್ತಿಲ್ಲ. ಅಲ್ಲಿಯವರೆಗೆ ಸರಿ, ಇಲ್ಲಿಂದ ತಪ್ಪು ಎಂದು ಗೆರೆ ಹಾಕಿ ಕೊಡಲಾರೆ. ಅದಕ್ಕೇ ಎಲ್ಲವನ್ನೂ ಬಿಟ್ಟುಬಿಡು. ನಿನ್ನ ಸಾಹೇಬರಿಗೆ ನಾನೇ ಬರೆಯುತ್ತೇನೆ, ತಪ್ಪು ನನ್ನದೊಬ್ಬನದೇ ಎಂದು. ನಿಮ್ಮಪ್ಪನ ಕಾಲಾದರೂ ಹಿಡಿದು ಇನ್ನೊಂದು ವರ್ಷ ಕೇಳುತ್ತೇನೆ. ನಿನ್ನ ಬಾಳು ಹಾಳು ಮಾಡಿದೆನಲ್ಲ ಎಂದು ನನಗೆ ರಾತ್ರಿ ನಿದ್ದೆಯಿಲ್ಲ ತಾಯಿ.

ಅವರ ಮಾತು ಇಲ್ಲಿಗೆ ಮುಗಿಯಿತು. ಎದ್ದು ಹಿತ್ತಲಿಗೆ ಹೋಗಿದ್ದಾರೆ, ಗೋಡೆ ಹಿಡಿದುಕೊಂಡು. ನನ್ನದೂ ಒಂದು ಸಾಲು ಸೇರಿಸುತ್ತೇನೆ. ಹೋದ ವರ್ಷವೇ ನಾನು ಮಡಿ ಮಡಿ ಅನ್ನದೆ ಒಂದು ಸಲ ಬಗ್ಗಿ ನೋಡಿದ್ದರೆ ಇಷ್ಟಾಗುತ್ತಿರಲಿಲ್ಲ. ಅದನ್ನು ಅವರು ಇವತ್ತಿನ ತನಕ ಬಾಯಿ ಬಿಟ್ಟು ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಂಬೂಬಾಯಿ


ಆದೋನಿ
3-12-1986

ಚಿ. ಉರುಕುಂದಮ್ಮನಿಗೆ ಆಶೀರ್ವಾದ.

ಉತ್ತರವಿಲ್ಲ. ಸಿಟ್ಟಿದ್ದರೆ ಸಿಟ್ಟಿನಿಂದಲೇ ಬರಿ. ಪೋಸ್ಟಿನವನ ಸೈಕಲ್ ಗಂಟೆ ಕೇಳಿದರೆ ಸಾಕು, ಇವರು ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಬಯ್ದಾದರೂ ಬರೆಯಲಿ ಎನ್ನುತ್ತಾರೆ.

ಪ್ರಹ್ಲಾದರಾವ್ ಪರವಾಗಿ ಅಂಬೂಬಾಯಿ


ಧಾರವಾಡ
19-12-1986

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಜ್ವರವಿತ್ತು, ಈಗ ಆರಾಮ.

ಸಾರ್, ತಾವು ಇಷ್ಟು ಹಚ್ಚಿಕೊಳ್ಳುವಂಥದ್ದು ಏನೂ ಆಗಿಲ್ಲ. ಗೈಡ್ ಸಾಹೇಬರಿಗೆ ಹೇಳಿದೆ. ಅವರು ನಕ್ಕರು, ಕೆಲಸ ಮಾಡುವವರಿಂದಲೇ ತಪ್ಪಾಗುವುದು ಎಂದರು. ಆ ಅಧ್ಯಾಯ ತೆಗೆದು, ಗಾಜಿನ ತಟ್ಟೆಯ ಕೆಲಸವನ್ನೇ ಸ್ವಲ್ಪ ಬೆಳೆಸಿ ಬರೆದರೆ ಸಾಕಂತೆ. ಬರೆಯುತ್ತಿದ್ದೇನೆ. ತಾವು ಯಾರಿಗೂ ಪತ್ರ ಬರೆಯಬೇಡಿ, ಅಪ್ಪನ ಹತ್ತಿರವೂ ಮಾತಾಡುವುದು ಬೇಡ, ಅದಕ್ಕೆ ಕಾರಣವೇ ಇಲ್ಲ.

ನನಗೆ ದುಃಖವಾದದ್ದು ತಮ್ಮ ಕಣ್ಣಿಗೆ. ತಾವು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ನನ್ನ ಮೇಲಿನ ಪ್ರೀತಿಯೆಂದು ಓದಿಕೊಂಡೆ. ನನ್ನ ಕಣ್ಣು ಚೆನ್ನಾಗಿವೆ ಎಂದು ಬೇರೆ ಬರೆದೆ. ಆ ಸಾಲು ನೆನಪಾದಾಗಲೆಲ್ಲ ಅಳು ಬರುತ್ತದೆ. ಔಷಧ ಬಿಡಬೇಡಿ. ಅಮ್ಮನವರು ಹೇಳಿದಂತೆ ಕೇಳಿ.

ಉರುಕುಂದಮ್ಮ


ಆದೋನಿ
8-1-1987

ಚಿ. ಉರುಕುಂದಮ್ಮನಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಇವಳಿಂದ ಮೂರು ಸಲ ಓದಿಸಿದೆ. ಬಹಳ ದಿನದ ಮೇಲೆ ನಿದ್ದೆ ಬಂತು. ನಿನ್ನ ಸಾಹೇಬರು ದೊಡ್ಡ ಮನುಷ್ಯರು, ನಾನು ಅವರನ್ನು ಬಹಳ ಸಲ ಗೇಲಿ ಮಾಡಿದ್ದೇನೆ, ಹಿಂದಕ್ಕೆ ತೆಗೆದುಕೊಂಡೆ. ಸಂಕ್ರಾಂತಿಗೆ ನಿಮ್ಮಪ್ಪ ಎಳ್ಳು ಕೊಡಲು ಬಂದರೆ ಏನೂ ಹೇಳುವುದಿಲ್ಲ. ನೀನು ಬರೆ, ಮುಗಿಸು.

ಪ್ರಹ್ಲಾದರಾವ್ (ಅಂಬೂಬಾಯಿಯ ಕೈಬರಹ)


29-4-1987

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಥೀಸಿಸ್ ಕೊಟ್ಟಾಯಿತು. ಪರೀಕ್ಷಕರಿಗೆ ಕಳಿಸಿದ್ದಾರೆ. ಅಪ್ಪನೂ ಒಪ್ಪಿದ್ದಾನೆ, ಅವಸರ ಮಾಡುತ್ತಿಲ್ಲ. ಬಹಳ ಬರೆಯಲಾಗುತ್ತಿಲ್ಲ, ಕೆಲಸವಿದೆ. ತಮ್ಮ ಆರೋಗ್ಯ ನೋಡಿಕೊಳ್ಳಿ.

ಉರುಕುಂದಮ್ಮ


10-1-1988

ಪೂಜ್ಯ ಗುರುಗಳಿಗೆ ಸಾಷ್ಟಾಂಗ ನಮಸ್ಕಾರಗಳು.

ಡಿಗ್ರಿ ಬಂತು ಸಾರ್. ಇಲ್ಲೇ ಕೆಲಸವೂ ಸಿಗುವ ಹಾಗಿದೆ. ತಮ್ಮ ಮಾತು ಉಳಿಸಿದ್ದೇನೆ. ಥೀಸಿಸ್ಸಿನ ಮೊದಲ ಪುಟದಲ್ಲಿ ತಮ್ಮ ಹೆಸರಿದೆ, ಎಲೆಗೆ ಬಾಯಿ ಇದೆ ಎಂದು ನನಗೆ ಮೊದಲು ತೋರಿಸಿದವರಿಗೆ ಎಂದು ಬರೆದಿದ್ದೇನೆ. ಅದನ್ನು ಅಮ್ಮನವರು ತಮಗೆ ಗಟ್ಟಿಯಾಗಿ ಓದಿ ಹೇಳಬೇಕೆಂದು ಬೇಡಿಕೊಳ್ಳುತ್ತೇನೆ.

ಉರುಕುಂದಮ್ಮ


ಆದೋನಿ
21-1-1988

ಚಿ.ಸೌ. ಉರುಕುಂದಮ್ಮನಿಗೆ ಅಂಬೂಬಾಯಿಯ ಆಶೀರ್ವಾದ.

ಸೌ. ಎಂದು ಬರೆದದ್ದು ನೋಡಿ ಗಾಬರಿಯಾಗಬೇಡ. ನನಗೆ ಎಲ್ಲ ಗೊತ್ತು. ಈ ಪತ್ರವನ್ನು ನಾನೇ ಬರೆಯುತ್ತಿದ್ದೇನೆ, ಅವರು ಹೇಳಿ ಬರೆಸುತ್ತಿಲ್ಲ. ಅವರು ಮಠದ ಕಟ್ಟೆಯ ಮೇಲೆ ಕೂತಿದ್ದಾರೆ, ಪಕ್ಕದ ಮನೆಯವರು ಕೈ ಹಿಡಿದು ಕರೆದುಕೊಂಡು ಹೋದರು.

ಹೋದ ಯುಗಾದಿಯ ಮೇಲೆ ಬಂದ ನಿನ್ನ ಪತ್ರದ ಲಕೋಟೆಯಲ್ಲಿ ಕೋಸಗಿಯ ಮುದ್ರೆ ಇತ್ತು. ರಜೆಗೆ ಬಂದಿರಬೇಕು ಎಂದುಕೊಂಡೆ. ಈ ಸಲದ್ದಕ್ಕೂ ಅದೇ ಮುದ್ರೆ. ಮೊನ್ನೆ ಸಂತೆಯ ದಿನ ನಿಮ್ಮಪ್ಪ ಬಾಗಿಲಿಗೆ ಬಂದ. ಅವರು ಒಳಗೆ ಮಲಗಿದ್ದರು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡು ಕೇಳಿದೆ. ಆ ಮನುಷ್ಯನಿಗೆ ಸುಳ್ಳು ಬರುವುದಿಲ್ಲ.

"ಏನ್ ಹೇಳಲಿ ತಾಯಿ, ಆ ಔಡಲದ ಅಳತೀನೇ ಥೀಸಿಸ್ಸಿಗೆ ದೊಡ್ಡದಂತ. ಅದು ಹೋದ್ರ ಉಳದದ್ದು ಸಾಲಂಗಿಲ್ಲಂತ. ಎರಡೂ ಕಡೀಗೆ ಒಬ್ಬರೇ ನೋಡಬೇಕಿತ್ತು, ಮತ್ತ ಮೊದಲಿಂದ ಮಾಡು ಅಂದ್ರಂತ ಆ ಸಾಹೇಬ್ರು. ಸ್ಕಾಲರ್‌ಶಿಪ್ಪು ಎಲ್ಲೈತಿ ಮತ್ತ? ನೀ ಸುಮ್ಮನ ಇದ್ದಿದ್ರ ಯಾರಿಗೆ ಗೊತ್ತಾಗತಿತ್ತವ್ವಾ ಅಂದೆ ನಾ. 'ಸಾರು ನನಗ ಹಂಗ ಕಲಿಸಿಲ್ಲಪ್ಪಾ' ಅಂದ್ಳು. ಅಷ್ಟ ಅಂದಿದ್ದು ಆಕಿ. ಲಾಲಪ್ಪನ ಜೋಡಿ ಮದುವಿ ಮಾಡಿದ್ವಿ. ಸಾರುಗೆ ಹೇಳಬ್ಯಾಡ್ರಿ ಅಂತ ನಮ್ಮೆಲ್ಲರ ಕಡಿಂದ ಆಣಿ ಹಾಕಿಸಿಕೊಂಡಾಳ."

ಅವನು ಹೋದ ಮೇಲೆ ನಾನು ಬಾಗಿಲ ಕಟ್ಟೆಯ ಮೇಲೆ ಕೂತು ಅತ್ತೆ. ನಿನಗಾಗಿ ಅತ್ತೆ. ನನ್ನ ಮೇಲೂ ಅವರ ಮೇಲೂ ಸಿಟ್ಟು ಬಂತು. ಕರ್ನೂಲಿನಿಂದ ಬಂದ ದಿನದಿಂದ ಬಿಡ್ರಿ, ಬಿಡ್ರಿ ಎಂದು ಹೇಳಿದ್ದೆ, ಕೇಳಲಿಲ್ಲ. ಒಳಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದು ಎದ್ದೆ. ಅಷ್ಟರಲ್ಲಿ ಎಚ್ಚರವಾಗಿ, "ಯಾರು ಬಂದಿದ್ದರೇ? ನಮ್ಮ ಹುಡುಗಿಯ ಅಪ್ಪನ ದನಿ ಇದ್ದಂಗಿತ್ತು" ಎಂದರು. ಎಳ್ಳು ಕೊಡಲು ಬಂದಿದ್ದ, ಅವಸರದಲ್ಲಿದ್ದ ಎಂದೆ. ನಿನ್ನ ಆಣೆ ನನಗೂ ತಾಗಿತು.

ನೀನು ಹೇಳಿದಂತೆ ಪತ್ರವನ್ನು ಗಟ್ಟಿಯಾಗಿ ಓದಿದೆ. ಮೊದಲ ಪುಟದ ಮಾತು ಬಂದಾಗ ತಡೆದರು, ಮತ್ತೆ ಓದು ಎಂದರು. ಓದಿದೆ. ಆಮೇಲೆ ಎದ್ದು ಡಬ್ಬಿ ತಡಕಿ ಸಕ್ಕರೆ ತೆಗೆದು ಓಣಿಯವರಿಗೆಲ್ಲ ತಾವೇ ಹಂಚಿದರು. ಒಂದು ಚಿಟಿಕೆ ತಮ್ಮ ಬಾಯಿಗೂ ಹಾಕಿಕೊಂಡರು. ನಾನು ತಡೆಯಲಿಲ್ಲ. ಎರಡು ವರ್ಷದ ಮೇಲೆ ಆ ಮುಖದಲ್ಲಿ ನಗು ನೋಡಿದೆ. ಅದಕ್ಕೆ ನೀನು ಕೊಟ್ಟದ್ದು ಎಷ್ಟು ಎಂದು ನನಗೊಬ್ಬಳಿಗೆ ಗೊತ್ತಿರಲಿ.

ನೀನೂ ಲಾಲಪ್ಪನೂ ಸೋಮವಾರದ ರೈಲಿಗೆ ಗುಂಟೂರಿಗೆ ಹೊರಡುತ್ತೀರಂತೆ. ಅಷ್ಟರೊಳಗೆ ಇದು ನಿನ್ನ ಕೈ ಸೇರಲಿ. ಇದರ ಜೊತೆ ಅವರು ಹೇಳಿ ಬರೆಸಿದ ಆಶೀರ್ವಾದದ ಪತ್ರವನ್ನೂ ಇಟ್ಟಿದ್ದೇನೆ. ವಿಳಾಸ ಬರೆಯುವಾಗ ಪಕ್ಕದಲ್ಲೇ ಕೂತಿದ್ದರು. "ಹೆಸರಿನ ಹಿಂದೆ ಡಾಕ್ಟರ್ ಅಂತ ಬರಿ, ದೊಡ್ಡ ಅಕ್ಷರದಲ್ಲಿ ಬರಿ" ಎಂದರು. ಬರೆದೆ. "ಧಾರವಾಡ ಅಂತ ಬರೆದೆಯಾ?" ಎಂದು ಕೇಳಿದರು. ಹೂಂ ಎಂದೆ, ಕೋಸಗಿ ಎಂದು ಬರೆದೆ.

ಅಂಬೂಬಾಯಿ